ದೊಡ್ಡ ಕಾಯಿಲ್, ಕಸದ ನೆಲ: ಮೆಟಲ್ ಡಿಟೆಕ್ಟರ್ ಹೇಳೋದನ್ನ ಕೇಳಿಸಿಕೊಳ್ಳೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಮೆಟಲ್ ಡಿಟೆಕ್ಟರ್ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ಇಂಗ್ಲೆಂಡಿನ ಯಾವುದೋ ಹೊಲ. ಹೆಡ್‌ಫೋನ್ ಹಾಕ್ಕೊಂಡ ಒಬ್ಬ ಮನುಷ್ಯ, ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ತಟ್ಟೆಯಂಥದ್ದು. ಬೀಪ್ ಅನ್ನತ್ತೆ, ಅಗೀತಾನೆ, ರೋಮನ್ ಕಾಲದ ನಾಣ್ಯ ಎದ್ದು ಬರತ್ತೆ. ಹತ್ತು ನಿಮಿಷದ ವಿಡಿಯೊ ಮುಗೀತು. ಆ ಒಂದು ನಾಣ್ಯ ಸಿಗೋಕೆ ಮುಂಚೆ ಅಗೆದು ತೆಗೆದ ತುಕ್ಕು ಮೊಳೆ, ಸೋಡಾ ಮುಚ್ಚಳ, ಬಿಯರ್ ಕ್ಯಾನಿನ ರಿಂಗು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಇದ್ಯಾವುದೂ ವಿಡಿಯೊದಲ್ಲಿ ಇರಲ್ಲ.

ಇವತ್ತಿನ ಮಾತು ಆ ಕಸದ ಬಗ್ಗೆ. ಕೋಲಿನ ತುದಿಯ ಆ ತಟ್ಟೆಗೆ ಕಾಯಿಲ್ ಅಂತಾರೆ. ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ಮೊದಲು ಕೇಳೋ ಪ್ರಶ್ನೆ ಒಂದೇ: ದೊಡ್ಡ ಕಾಯಿಲ್ ಹಾಕಿದ್ರೆ ಜಾಸ್ತಿ ಆಳಕ್ಕೆ ಹೋಗತ್ತಲ್ವಾ? ಹೌದು, ಹೋಗತ್ತೆ. ಆದರೆ ಕಸ ತುಂಬಿದ ನೆಲದಲ್ಲಿ ವಸ್ತು ತಪ್ಪಿಹೋಗೋದು ಹೆಚ್ಚಾಗಿ ಆಳದಿಂದ ಅಲ್ಲ, ಅಕ್ಕಪಕ್ಕದ ಗದ್ದಲದಿಂದ. ಇಷ್ಟು ನೆನಪಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗೇ ಅರ್ಥ ಆಗತ್ತೆ.

ಮೊದಲು ಈ ಯಂತ್ರ ಕೆಲಸ ಮಾಡೋದು ಹೇಗೆ ನೋಡೋಣ. ಕಾಯಿಲ್ ಒಳಗೆ ತಾಮ್ರದ ತಂತಿಯ ಎರಡು ಸುತ್ತುಗಳಿರ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಾಯಿಸೋ ವಿದ್ಯುತ್ ಹರಿಯತ್ತೆ. ಅದರಿಂದ ನೆಲದೊಳಗೆ ಒಂದು ಕಾಂತಕ್ಷೇತ್ರ ಹರಡತ್ತೆ. ಅಲ್ಲಿ ಲೋಹ ಇದ್ದರೆ ಅದರಲ್ಲೂ ಸಣ್ಣ ಸುಳಿಯ ಥರ ವಿದ್ಯುತ್ ಹುಟ್ಟಿ, ಅದು ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನ ವಾಪಸ್ ಕಳಿಸತ್ತೆ. ಎರಡನೇ ಸುತ್ತು ಅದನ್ನ ಕೇಳಿಸಿಕೊಳ್ಳತ್ತೆ. ಮೊಳೆಯ ಉತ್ತರ ಒಂದು ಥರ, ಬೆಳ್ಳಿ ನಾಣ್ಯದ ಉತ್ತರ ಇನ್ನೊಂದು ಥರ. ಯಂತ್ರ ಆ ವ್ಯತ್ಯಾಸವನ್ನ ಒಂದು ನಂಬರಾಗಿ, ಒಂದು ಶಬ್ದವಾಗಿ ನಮಗೆ ಕೊಡತ್ತೆ.

ಕಸ ಏನು ಮಾಡಬಲ್ಲದು ಅನ್ನೋದಕ್ಕೆ ಇತಿಹಾಸದಲ್ಲಿ ಒಂದು ಉದಾಹರಣೆ ಇದೆ. ಅದು ಹೊಲದಲ್ಲಿ ಅಲ್ಲ, ಅಮೆರಿಕದ ಶ್ವೇತಭವನದಲ್ಲಿ ನಡೆದದ್ದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡು ಹಾರಿಸಲಾಯಿತು. ಗುಂಡು ದೇಹದೊಳಗೇ ಉಳಿಯಿತು. ಎಕ್ಸ್-ರೇ ಇನ್ನೂ ಕಂಡುಹಿಡಿದಿರಲಿಲ್ಲ. ಆಗ ಮುಂದೆ ಬಂದವರು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್. ತಂತಿಯ ಸುರುಳಿಗಳಿಗೆ ಟೆಲಿಫೋನ್ ರಿಸೀವರ್ ಜೋಡಿಸಿ ಅವರು ಒಂದು ಉಪಕರಣ ಮಾಡಿದರು. ಲೋಹ ಹತ್ತಿರ ಬಂದರೆ ಕಿವಿಗೆ ಶಬ್ದ. ಅಂದರೆ ಇವತ್ತಿನ ಮೆಟಲ್ ಡಿಟೆಕ್ಟರ್‌ನ ಅಜ್ಜ! ಅಂತರ್ಯುದ್ಧದಲ್ಲಿ ಗುಂಡು ತಿಂದು, ಅದನ್ನ ಮೈಯಲ್ಲೇ ಇಟ್ಟುಕೊಂಡಿದ್ದ ಹಳೇ ಸೈನಿಕರ ಮೇಲೆ ಪರೀಕ್ಷಿಸಿದಾಗ ಅದು ಸರಿಯಾಗಿ ಕೆಲಸ ಮಾಡಿತ್ತು.

ಅಧ್ಯಕ್ಷರ ಮೈಮೇಲೆ ಮಾತ್ರ ಗೊಂದಲ. ಒಂದು ಬಿಂದುವಿನಲ್ಲಿ ಸ್ಪಷ್ಟ ಶಬ್ದ ಬರೋ ಬದಲು, ಅಗಲವಾದ ಜಾಗದಲ್ಲೆಲ್ಲ ಮಂದ ಶಬ್ದ. ಆಮೇಲೆ ವಿಚಾರಿಸಿದರೆ, ಅವರು ಮಲಗಿದ್ದ ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದ ಇನ್ನೊಂದು ಹಾಸಿಗೆ ಇತ್ತು! ಅದರ ಜೊತೆಗೆ ಮುಖ್ಯ ವೈದ್ಯರು ಗುಂಡು ಬಲಭಾಗದಲ್ಲೇ ಇದೆ ಅಂತ ನಂಬಿ, ಹುಡುಕಾಟವನ್ನ ಆ ಕಡೆಗೇ ಸೀಮಿತ ಮಾಡಿದ್ದರು. ಗಾರ್ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಭಾಗದಲ್ಲಿ.

ಉಪಕರಣ ಕೆಟ್ಟದಾಗಿರಲಿಲ್ಲ, ನೋಡಿ. ಹುಡುಕುತ್ತಿದ್ದ ಲೋಹದ ಸುತ್ತ ಬೇರೆ ಲೋಹ ಇತ್ತು, ಹುಡುಕುವವರ ಮನಸ್ಸಲ್ಲಿ ಮೊದಲೇ ಒಂದು ತೀರ್ಮಾನ ಇತ್ತು. ಕಸದ ನೆಲದಲ್ಲಿ ಇವತ್ತಿಗೂ ಆಗೋ ತೊಂದರೆ ಇವೇ ಎರಡು.

ಈಗ ಲೆಕ್ಕಕ್ಕೆ ಬರೋಣ. 6 ಇಂಚಿನ ದುಂಡನೆ ಕಾಯಿಲ್‌ನ ವಿಸ್ತೀರ್ಣ ಸುಮಾರು 28 ಚದರ ಇಂಚು. 15 ಇಂಚಿನದ್ದು ಸುಮಾರು 177 ಚದರ ಇಂಚು. ಅಂದರೆ ಆರು ಪಟ್ಟಿಗಿಂತ ಜಾಸ್ತಿ. ಖಾಲಿ ಹೊಲದಲ್ಲಿ ಇದು ಲಾಭ, ಒಂದೇ ಬೀಸಿಗೆ ಜಾಸ್ತಿ ನೆಲ ಮುಗಿಯತ್ತೆ. ಆದರೆ ಮೊಳೆಗಳು ದಟ್ಟವಾಗಿ ತುಂಬಿರೋ ಜಾಗದಲ್ಲಿ? ಸಣ್ಣ ಕಾಯಿಲ್ ಕೆಳಗೆ ಒಂದು ಮೊಳೆ ಇದ್ದರೆ, ದೊಡ್ಡದರ ಕೆಳಗೆ ಐದಾರು. ಎಲ್ಲವೂ ಒಟ್ಟಿಗೇ ಉತ್ತರ ಕೊಡ್ತವೆ. ಯಂತ್ರ ಅದನ್ನೆಲ್ಲ ಬೆರೆಸಿ ಒಂದು ನಂಬರ್ ತೋರಿಸತ್ತೆ. ಆ ನಂಬರ್ ಮೊಳೆಯದ್ದೂ ಅಲ್ಲ, ನಾಣ್ಯದ್ದೂ ಅಲ್ಲ.

ಸರಿ, ಅಷ್ಟು ದೊಡ್ಡ ಕಾಯಿಲ್‌ಗೆ ಆಳವಾದ್ರೂ ಆರು ಪಟ್ಟು ಸಿಗತ್ತಾ? ಇಲ್ಲ. ಕಾಂತಕ್ಷೇತ್ರ ಕೆಳಗೆ ಹೋಗ್ತಾ ದುರ್ಬಲವಾಗತ್ತೆ, ನಾಣ್ಯದ ಉತ್ತರ ಮೇಲೆ ಬರ್ತಾ ಮತ್ತೆ ದುರ್ಬಲವಾಗತ್ತೆ. ಸಣ್ಣ ವಸ್ತು ಕಾಯಿಲ್‌ನ ಅಳತೆಗೆ ಹೋಲಿಸಿದರೆ ದೂರದಲ್ಲಿದ್ದಾಗ, ದೂರ ಎರಡರಷ್ಟಾದರೆ ಉತ್ತರ ಸರಿಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯತ್ತೆ. ಹಾಗಾಗಿ ಕಾಯಿಲ್ ಎಷ್ಟೇ ದೊಡ್ಡದಾದರೂ ಒಂದು ನಾಣ್ಯಕ್ಕೆ ಸಿಗೋ ಹೆಚ್ಚುವರಿ ಆಳ ಕೆಲವೇ ಇಂಚು. ಅದಕ್ಕೆ ತೆರೋ ಬೆಲೆ ಮಾತ್ರ ಆರು ಪಟ್ಟು ಕಸ.

ಇನ್ನೊಂದು ತಮಾಷೆ ಇದೆ. ಯಂತ್ರದಲ್ಲಿ ಡಿಸ್ಕ್ರಿಮಿನೇಷನ್ ಅಂತ ಒಂದು ಸೌಲಭ್ಯ. ಕಬ್ಬಿಣ ಬೇಡ ಅಂದರೆ ಕಬ್ಬಿಣಕ್ಕೆ ಶಬ್ದ ಬರಲ್ಲ. ಗ್ರೂಪ್ ಕಾಲ್‌ನಲ್ಲಿ ಗದ್ದಲ ಮಾಡೋರನ್ನ ಮ್ಯೂಟ್ ಮಾಡ್ತೀವಲ್ಲ, ಹಾಗೆ. ಆದರೆ ಒಂದೇ ಫೋನಿನ ಮುಂದೆ ಇಬ್ಬರು ಕೂತಿದ್ದರೆ? ಒಬ್ಬನ್ನ ಮ್ಯೂಟ್ ಮಾಡಿದ್ರೆ ಇನ್ನೊಬ್ಬನ ದನಿಯೂ ಹೋಯ್ತು. ಮೊಳೆಯೂ ನಾಣ್ಯವೂ ಒಂದೇ ಕಾಯಿಲ್ ಕೆಳಗೆ ಇದ್ದಾಗ ಆಗೋದು ಇದೇ. ಇಂಗ್ಲಿಷಿನಲ್ಲಿ ಇದಕ್ಕೆ ಮಾಸ್ಕಿಂಗ್ ಅಂತಾರೆ, ನಾವು ಮರೆ ಬೀಳೋದು ಅನ್ನಬಹುದು. ಸಣ್ಣ ಚಿನ್ನದ ಉಂಗುರದ್ದು ಇನ್ನೊಂದು ಪೇಚು. ಅದರ ನಂಬರ್ ಬೆಳ್ಳಿ ಕಾಗದ, ಕ್ಯಾನ್ ರಿಂಗಿನ ನಂಬರಿನ ಆಸುಪಾಸಲ್ಲೇ ಬರತ್ತೆ. ಕಸ ಅಂತ ಅದನ್ನ ಮ್ಯೂಟ್ ಮಾಡಿದವರು ಉಂಗುರವನ್ನೂ ದಾಟಿಕೊಂಡು ಹೋಗ್ತಾರೆ.

ಲಂಡನ್ನಿನ ಥೇಮ್ಸ್ ನದಿ ದಡ ಇದಕ್ಕೆ ಒಳ್ಳೇ ಉದಾಹರಣೆ. ನೀರು ಇಳಿದಾಗ ಕಾಣೋ ಆ ದಡದಲ್ಲಿ ಶತಮಾನಗಳ ಹಡಗು, ದೋಣಿಗಳ ಕಬ್ಬಿಣದ ಮೊಳೆಗಳು ಹಾಸಿಕೊಂಡು ಬಿದ್ದಿವೆ. ನಡುವೆ ಹಳೇ ನಾಣ್ಯ, ಗುಂಡಿ, ಪಿನ್ನು. ಅಲ್ಲಿ ಹುಡುಕೋಕೆ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು. ಆ ಪರವಾನಗಿ ಇದ್ದರೂ ಅಗೆಯಬಹುದಾದ ಆಳ 7.5 ಸೆಂಟಿಮೀಟರ್, ಅದಕ್ಕಿಂತ ಕೆಳಗೆ ಇಲ್ಲ. ಅಂಥ ಕಡೆ ಅಡಿ ಆಳಕ್ಕೆ ನೋಡೋ ದೊಡ್ಡ ಕಾಯಿಲ್ ಇಟ್ಕೊಂಡು ಏನು ಮಾಡ್ತೀರಿ? ಅಗೆಯೋಕೆ ಆಗದ ಮೊಳೆಗಳ ಮಾತನ್ನೇ ಕೇಳ್ತಾ ಇರಬೇಕು.

ಇಷ್ಟು ಹೇಳಿದ ಮೇಲೂ, ಎಷ್ಟೋ ಜನರ ಹತ್ತಿರ ಇರೋದು ಒಂದೇ ಕಾಯಿಲ್, ಅದೂ ದೊಡ್ಡದು. ಓದೋಕೋ ಕೆಲಸಕ್ಕೋ ಬ್ರಿಟನ್‌ಗೆ ಹೋಗಿ ಅಲ್ಲಿ ಈ ಹವ್ಯಾಸ ಹಿಡಿದವರು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ್ದನ್ನ ತಗೊಂಡಿರ್ತಾರೆ. ಅದರಲ್ಲೇ ಕೆಲಸ ತೆಗೆಯೋದು ಹೇಗೆ ಅಂತ ಈಗ ಹೇಳ್ತೀನಿ.

ಒಂದು, ಸೆನ್ಸಿಟಿವಿಟಿ ಇಳಿಸಿ. ಇದು ಎಲ್ಲರಿಗೂ ಉಲ್ಟಾ ಅನ್ಸತ್ತೆ. ಇಳಿಸಿದರೆ ಆಳ ಸ್ವಲ್ಪ ಹೋಗತ್ತೆ ನಿಜ. ಆದರೆ ಕಾಯಿಲ್ ಅಂಚಿನಲ್ಲಿರೋ ದೂರದ ಕಸವೂ ಸುಮ್ಮನಾಗತ್ತೆ, ಕೆಳಗಿರೋದರ ಮಾತು ಕೇಳಿಸತ್ತೆ.

ಎರಡು, ನಿಧಾನ. ಒಂದು ವಸ್ತುವಿನ ಶಬ್ದ ಮುಗಿದು ಇನ್ನೊಂದನ್ನ ಹಿಡಿಯೋಕೆ ಯಂತ್ರಕ್ಕೆ ಒಂದಿಷ್ಟು ಸಮಯ ಬೇಕು. ಇದನ್ನ ರಿಕವರಿ ಸ್ಪೀಡ್ ಅಂತಾರೆ. ಹೊಸ ಯಂತ್ರಗಳಲ್ಲಿ ಇದನ್ನ ನೀವೇ ಹೆಚ್ಚು ಮಾಡಿಕೊಳ್ಳಬಹುದು. ಕಸದ ಜಾಗದಲ್ಲಿ ಹೆಚ್ಚು ಮಾಡಿ. ಆ ಸೌಲಭ್ಯ ಇಲ್ಲದ ಯಂತ್ರ ಆದರೆ ಕೈಯನ್ನೇ ನಿಧಾನ ಮಾಡಿ, ಬೀಸು ಚಿಕ್ಕದು ಮಾಡಿ.

ಮೂರು, ಕಾಯಿಲ್‌ನ ಆಕಾರ ತಿಳ್ಕೊಳ್ಳಿ. ಇಂಗ್ಲಿಷ್ ಡಿ ಅಕ್ಷರದ ಎರಡು ಸುತ್ತುಗಳು ನಡುವೆ ಒಂದರ ಮೇಲೊಂದು ಬಂದಿರೋದು ಡಬಲ್ ಡಿ ಕಾಯಿಲ್. ಅದರ ಮುಖ್ಯ ಶಕ್ತಿ ಮುಂದಿನಿಂದ ಹಿಂದಕ್ಕೆ ಹೋಗೋ ಒಂದು ಕಿರಿದಾದ ಪಟ್ಟಿಯಲ್ಲಿದೆ. ಹಾಗಾಗಿ ಅಡ್ಡಡ್ಡ ಬೀಸುವಾಗ 15 ಇಂಚಿನ ಡಬಲ್ ಡಿ ನಾವಂದುಕೊಂಡಷ್ಟು ಕುರುಡಲ್ಲ. ಅಕ್ಕಪಕ್ಕದ ಎರಡು ವಸ್ತುಗಳನ್ನ ಬಿಡಿಸಿ ಹೇಳಬಲ್ಲದು. ಆದರೆ ಪಟ್ಟಿಯ ಉದ್ದಕ್ಕೂ ಸಾಲಾಗಿ ಬಿದ್ದಿರೋದನ್ನ ಬಿಡಿಸಲಾರದು.

ನಾಲ್ಕು, ಅದಕ್ಕೇ ದಿಕ್ಕು ಬದಲಿಸಿ. ಅನುಮಾನದ ಶಬ್ದ ಬಂದರೆ ಅಲ್ಲೇ ಕಾಲು ಸುತ್ತು ತಿರುಗಿ, ಇನ್ನೊಂದು ಕಡೆಯಿಂದ ಬೀಸಿ. ಮೊದಲು ಸಾಲಾಗಿದ್ದ ಮೊಳೆ, ನಾಣ್ಯ ಎರಡೂ ಈಗ ಅಕ್ಕಪಕ್ಕ ಬರ್ತವೆ. ಒಂದು ದಿಕ್ಕಿನಲ್ಲಿ ಮಾತ್ರ ಬರೋ ಶಬ್ದವನ್ನ ಕಸ ಅಂತ ಬಿಟ್ಟುಬಿಡಬೇಡಿ. ಮರೆ ಬಿದ್ದ ನಾಣ್ಯ ಹಾಗೇ ಮಾತಾಡೋದು.

ಐದು, ಕಬ್ಬಿಣದ ಶಬ್ದ ಪೂರ್ತಿ ಮುಚ್ಚಬೇಡಿ. ತಗ್ಗು ದನಿಯಲ್ಲಿ ಅದು ಕೇಳಿಸ್ತಾ ಇರಲಿ. ಆಗ ನೀವು ಮೊಳೆಗಳ ನಡುವೆ ಇದೀರೋ, ಖಾಲಿ ನೆಲದಲ್ಲಿದೀರೋ ಅನ್ನೋದು ಗೊತ್ತಾಗ್ತಿರತ್ತೆ. ಹಳೇ ಕಬ್ಬಿಣ ದಟ್ಟವಾಗಿದೆ ಅಂದರೆ ಅಲ್ಲಿ ಒಂದು ಕಾಲಕ್ಕೆ ಜನ ಇದ್ದಿರಬಹುದು ಅಂತಲೂ ಅರ್ಥ.

ಆರು, ಕಾಯಿಲ್ ಎತ್ತಿ ನೋಡಿ. ಸ್ವಲ್ಪ ಎತ್ತಿದಾಗ ಮಾಯವಾಗೋದು ಹೆಚ್ಚಾಗಿ ಸಣ್ಣ ವಸ್ತು, ಇಲ್ಲವೇ ಆಳದಲ್ಲಿರೋದು. ಎತ್ತಿದರೂ ಗಟ್ಟಿಯಾಗಿ ಕೂಗ್ತಾ ಇದ್ದರೆ ಡಬ್ಬಿಯೋ ತಗಡೋ ಇರಬಹುದು. ನಂಬರಿಗಿಂತ ಈ ಪರೀಕ್ಷೆ ಎಷ್ಟೋ ಸಲ ನಿಜ ಹೇಳತ್ತೆ.

ಏಳು, ತೆಗೆದ ಕಸ ವಾಪಸ್ ಹಾಕಬೇಡಿ. ಜೇಬಲ್ಲಿ ಇಟ್ಕೊಳ್ಳಿ, ಕಸದ ಬುಟ್ಟಿಗೆ ಹಾಕಿ. ಒಂದು ಮೊಳೆ ಹೋದರೆ ಅದರ ಮರೆಯಲ್ಲಿದ್ದದ್ದು ಮುಂದಿನ ಸಲ ಕೇಳಿಸತ್ತೆ. ಗುಂಡಿಯನ್ನೂ ಮುಚ್ಚಿ.

ಹಾಗಾದ್ರೆ ದೊಡ್ಡ ಕಾಯಿಲ್ ದಂಡವಾ? ಖಂಡಿತ ಅಲ್ಲ. ಉತ್ತ, ಕಸ ಕಮ್ಮಿ ಇರೋ ದೊಡ್ಡ ಹೊಲಕ್ಕೆ ಅದೇ ಸರಿ. ಗಡಿಗೆಯಲ್ಲಿ ಹೂತಿಟ್ಟ ನಾಣ್ಯದ ರಾಶಿಯಂಥ ದೊಡ್ಡ, ಆಳದ ವಸ್ತುವಿಗೂ ಅದೇ ಸರಿ. ಯುದ್ಧ ನಡೆದ ದೇಶಗಳಲ್ಲಿ ಆಳಕ್ಕೆ ಇಳಿದ ಬಾಂಬ್ ಹುಡುಕೋರು ಒಂದು ಮೀಟರ್ ಅಗಲದ ಚೌಕಟ್ಟನ್ನೇ ಕಾಯಿಲ್ ಮಾಡಿ ಹೊತ್ತು ನಡೀತಾರೆ. ಅಷ್ಟು ದೊಡ್ಡದಕ್ಕೆ ಮೇಲಿನ ಸಣ್ಣ ಚೂರುಗಳು ಕಾಣೋದೇ ಇಲ್ಲ, ಬಾಂಬ್ ಕಾಣತ್ತೆ. ಆದರೆ ಅದೇ ನೆಲದಲ್ಲಿ ಮೇಲ್ಮೈ ಹತ್ತಿರ ಹುದುಗಿರೋ, ಲೋಹ ಬಹಳ ಕಮ್ಮಿ ಇರೋ ನೆಲಬಾಂಬಿಗೆ ಸಣ್ಣ ಕಾಯಿಲ್ ಬೇಕು. ಅಲ್ಲಿ ಒಂದು ನೆಲಬಾಂಬಿಗೆ ನೂರಾರು ಲೋಹದ ಚೂರುಗಳಿರಬಹುದು. ಪ್ರತಿಯೊಂದು ಶಬ್ದವನ್ನೂ ಬಾಂಬೇ ಅಂದುಕೊಂಡು ಮೊಣಕಾಲೂರಿ ಬಿಡಿಸಬೇಕು. ನಮಗೆ ಕಸ ಅಂದರೆ ಬೇಜಾರು, ಅವರಿಗೆ ಅದು ಜೀವದ ಪ್ರಶ್ನೆ.

ಕೊನೆಗೆ ನಮ್ಮ ಊರಿನ ಮಾತು. ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ಸುಲಭವಾಗಿ ಸಿಗತ್ತೆ, ತಗೊಂಡು ಹಂಪಿ ಕಡೆ ಹೋಗೋಣ್ವಾ ಅಂತ ಯಾರಿಗಾದ್ರೂ ಅನ್ಸಿದ್ರೆ, ದಯವಿಟ್ಟು ಬೇಡ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಪರವಾನಗಿ ಇಲ್ಲದೆ ಅಗೆಯೋದು 1958ರ ಕಾಯ್ದೆ ಪ್ರಕಾರ ಅಪರಾಧ. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆಯೂ ಇದೆ. ಸಿಕ್ಕಿದ ನಿಧಿಯನ್ನ ಸುಮ್ಮನೆ ಮನೆಗೆ ಒಯ್ಯೋ ಹಾಗಿಲ್ಲ, ಸರ್ಕಾರಕ್ಕೆ ತಿಳಿಸಬೇಕು. ಇಂಗ್ಲೆಂಡಿನಲ್ಲೂ ಇದು ಸ್ವೇಚ್ಛೆ ಅಲ್ಲ. ಜಮೀನಿನ ಮಾಲೀಕರ ಒಪ್ಪಿಗೆ ಬೇಕು, 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ನಿಧಿ ಸಿಕ್ಕರೆ ವರದಿ ಮಾಡಬೇಕು. ಜನ ತಾವಾಗೇ ತಂದು ತೋರಿಸೋ ವಸ್ತುಗಳನ್ನ ದಾಖಲಿಸೋಕೆ ಪೋರ್ಟೆಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಅಂತಲೇ ಒಂದು ವ್ಯವಸ್ಥೆ ಇದೆ. ಅದರಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ.

ಕಾಯ್ದೆ ಬಿಟ್ಟು ನೋಡಿದರೂ ಒಂದು ಕಾರಣ ಇದೆ. ಹಳೇ ಊರಿನ ನೆಲದಲ್ಲಿ ನಮಗೆ ಕಸವಾಗಿ ಕೇಳಿಸೋ ತುಕ್ಕು ಕಬ್ಬಿಣ ಪುರಾತತ್ವದವರಿಗೆ ಪುರಾವೆ. ಯಾವ ಪದರದಲ್ಲಿ ಮೊಳೆ ಇತ್ತು, ಅದರ ಪಕ್ಕ ಏನಿತ್ತು ಅನ್ನೋದರಿಂದಲೇ ಅವರು ಅಲ್ಲಿದ್ದ ಮನೆ, ಒಲೆ, ಕಮ್ಮಾರಸಾಲೆಯ ಕಥೆ ಕಟ್ಟೋದು. ನಾಣ್ಯಕ್ಕಾಗಿ ಗುಂಡಿ ತೋಡಿದರೆ ಆ ಕಥೆ ಮತ್ತೆ ಸಿಗಲ್ಲ.

ನಿಮ್ಮದೇ ತೋಟದಲ್ಲಿ ಕಳೆದುಹೋದ ಉಂಗುರವನ್ನೋ, ಮಣ್ಣು ಮುಚ್ಚಿದ ಪೈಪಿನ ವಾಲ್ವನ್ನೋ ಹುಡುಕೋಕೆ ಯಂತ್ರ ಬಳಸೋದಾದ್ರೆ ಇವತ್ತು ಹೇಳಿದ್ದು ಉಪಯೋಗಕ್ಕೆ ಬರತ್ತೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲ ಆದರೆ ಇನ್ನೊಂದು ವಿಷಯ: ಆ ಮಣ್ಣಲ್ಲೇ ಕಬ್ಬಿಣದ ಅಂಶ ಜಾಸ್ತಿ. ದೊಡ್ಡ ಕಾಯಿಲ್ ಆ ಮಣ್ಣನ್ನೂ ಜಾಸ್ತಿ ಕೇಳಿಸಿಕೊಳ್ಳತ್ತೆ. ಅಲ್ಲೂ ಸಣ್ಣದೇ ವಾಸಿ.

ಅಂಗಡಿಯವರು ಕಾಯಿಲ್ ಎಷ್ಟು ಆಳಕ್ಕೆ ಹೋಗತ್ತೆ ಅಂತ ಹೇಳ್ತಾರೆ. ನೀವು ಕೇಳಬೇಕಾದ್ದು ಬೇರೆ: ಒಂದು ಮೊಳೆಯ ಪಕ್ಕ ನಾಣ್ಯ ಇಟ್ಟರೆ ಇದು ನಾಣ್ಯ ಅಂತ ಹೇಳತ್ತಾ? ಕೊಳ್ಳೋಕೆ ಮುಂಚೆ ಒಂದು ಮೊಳೆ, ಉಕ್ಕಿನದಲ್ಲದ ಒಂದು ನಾಣ್ಯ ತಗೊಂಡು ಹೋಗಿ ಅಲ್ಲೇ ಪರೀಕ್ಷೆ ಮಾಡಿ ನೋಡಿ.