ಹಳೆಯ ಗುದಬಿರುಕಿಗೆ ಶಸ್ತ್ರವೇ ಮೊದಲ ಮದ್ದಲ್ಲ



ಮಲವಿಸರ್ಜನೆಯ ವೇಳೆ ಕೊಯ್ದಂತೆ ನೋವು, ಆಮೇಲೆ ಗಂಟೆಗಟ್ಟಲೆ ಉರಿ, ಒಂದೆರಡು ತೊಟ್ಟು ಕೆಂಪು ರಕ್ತ. ಇದನ್ನು ಮೂಲವ್ಯಾಧಿಯೆಂದು ಬಗೆದು ಅನೇಕರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಬಹಳ ಸಲ ಇದು ಗುದದ್ವಾರದ ಒಳಚರ್ಮದ ಬಿರುಕು.

ಆರೆಂಟು ವಾರವಾದರೂ ಇದು ಮಾಯುವುದಿಲ್ಲವೇಕೆ? ನೋವಿಗೆ ಅಲ್ಲಿಯ ಸ್ನಾಯು ಬಿಗಿದುಕೊಳ್ಳುತ್ತದೆ. ಗಾಯಕ್ಕೆ ಸಾಕಷ್ಟು ರಕ್ತ ಹರಿಯದು. ಹೆದರಿ ಮಲ ತಡೆದರೆ ಅದು ಗಟ್ಟಿಯಾಗಿ ಗಾಯವನ್ನು ಮತ್ತೆ ಸೀಳುತ್ತದೆ. ಆದುದರಿಂದ ಮಲ ಮೆತ್ತಗಾಗಬೇಕು, ಸ್ನಾಯು ಸಡಿಲಬೇಕು.

ಸೊಪ್ಪು, ಕಾಳು, ಹಣ್ಣುಗಳನ್ನು ಧಾರಾಳವಾಗಿ ತಿನ್ನಿರಿ. ಹೊಲಕ್ಕೆ ಹೋಗುವಾಗ ಕುಡಿಯುವ ನೀರು ಒಯ್ಯಿರಿ. ಇಸಬಗೋಲನ್ನು ತುಂಬು ಲೋಟ ನೀರಿನಲ್ಲಿ ಕಲಸಿ ಕುಡಿಯಿರಿ. ದಿನಕ್ಕೆ ಎರಡು ಮೂರು ಸಲ, ಅಗಲವಾದ ಬೇಸಿನ್ನಿನ ಉಗುರುಬೆಚ್ಚಗಿನ ನೀರಿನಲ್ಲಿ 10–15 ನಿಮಿಷ ಕುಳಿತುಕೊಳ್ಳಿರಿ. ತಿಣುಕಬೇಡಿರಿ.

ಇಷ್ಟಕ್ಕೆ ಗುಣವಾಗದಿದ್ದರೆ ವೈದ್ಯರು ಡಿಲ್ಟಿಯಾಜೆಮ್ ಅಥವಾ ಗ್ಲಿಸರಿಲ್ ಟ್ರೈನೈಟ್ರೇಟ್ ಮುಲಾಮನ್ನು ಕೊಡುವರು. ಇವು ಸ್ನಾಯುವನ್ನು ಸಡಿಲಿಸುತ್ತವೆ. ಎರಡನೆಯದರಿಂದ ತಲೆನೋವು ಬರಬಹುದು. ಬಂದರೆ ವೈದ್ಯರಿಗೆ ತಿಳಿಸಿರಿ. ಮುಲಾಮನ್ನು 6–8 ವಾರ ಹಚ್ಚಬೇಕು. ನೋವು ನಿಂತಿತೆಂದು ನಡುವೆ ಬಿಡಬಾರದು. ಅದಕ್ಕೂ ಬಗ್ಗದಿದ್ದರೆ ಬೊಟುಲಿನಮ್ ಚುಚ್ಚುಮದ್ದು ಉಂಟು. ಯಾವುದಕ್ಕೂ ಮಾಯದವರಿಗೆ ಶಸ್ತ್ರಚಿಕಿತ್ಸೆ.

ಪರೀಕ್ಷಿಸದೆಯೇ ಸುಡುವ, ಚುಚ್ಚುವ ಸಂತೆಯ ವೈದ್ಯರ ಬಳಿಗೆ ಹೋಗಬೇಡಿರಿ. ರಕ್ತ ಕಂಡರೆ, ಅದರಲ್ಲೂ ಮೈ ಇಳಿಯುತ್ತಿದ್ದರೆ, ತಡಮಾಡದೆ ಆಸ್ಪತ್ರೆಯಲ್ಲಿ ತೋರಿಸಿರಿ. ಅದು ಬೇರೆ ರೋಗದ ಗುರುತೂ ಇರಬಹುದು.

ಎತ್ತಿನ ಹೆಗಲಿಗೆ ಹುಣ್ಣಾದರೆ ನೊಗ ಇಳಿಸಿ ಆರೈಕೆ ಮಾಡುವಿರಿ. ನಿಮ್ಮ ಮೈಗೂ ಅಷ್ಟು ಆರೈಕೆ ಸಲ್ಲಬೇಕು.