ನೂರಾ ಮೂವತ್ತನಾಲ್ಕು ತೂತುಗಳ ಲೆಕ್ಕ

ನಾನು ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಮ್ಯಾಟ್ರಿಕ್, ಅದೂ ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ. ನನ್ನ ಕೈಗೆ ಗೊತ್ತಿದ್ದ ಕೆಲಸ ಮೂರೇ: ಬರೆಯುವುದು, ನೋಟು ಎಣಿಸುವುದು, ಮೊಹರು ಹೊಡೆಯುವುದು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ನಮ್ಮ ಮನೆಯಾಕೆಯೇ ಸುತ್ತಿಗೆ ಹಿಡಿಯಬೇಕು. ಅಂಥವನು ಅರವತ್ತು ದಾಟಿದ ಮೇಲೆ ಒಂದು ಕಿಸೆಪುಸ್ತಕಕ್ಕೆ ತೊಗಲಿನ ಹೊದಿಕೆ ಹೊಲಿದೆ. ಅದರ ಕಥೆಯನ್ನು ಇಂದು ತಮ್ಮ ಮುಂದೆ ಹೇಳುತ್ತೇನೆ.

ದಿನದ ಖರ್ಚು ಬರೆದಿಡುವುದು ನನಗೆ ಹಳೆಯ ಚಟ. ಅದಕ್ಕೊಂದು ಸಣ್ಣ ಪುಸ್ತಕ ಸದಾ ಜೇಬಿನಲ್ಲಿರುತ್ತದೆ. ಅದರ ರೆಕ್ಸಿನ್ ಹೊದಿಕೆ ಬಿರುಕು ಬಿಟ್ಟು ಉದುರತೊಡಗಿತು. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬರಿದ್ದಾರೆ. ಅವರ ಬಳಿ ಹೋಗಿ ತೊಗಲಿನ ಹೊದಿಕೆಗೆ ಎಷ್ಟು ಎಂದು ಕೇಳಿದೆ. ಮುನ್ನೂರು ರೂಪಾಯಿ ಎಂದರು. ಅಂಗೈಯಷ್ಟು ವಸ್ತುವಿಗೆ ಮುನ್ನೂರೇ, ನೂರೈವತ್ತು ಕೊಡುತ್ತೇನೆ ಎಂದೆ. ಅವರು ಕೆಲಸದಿಂದ ತಲೆ ಎತ್ತದೆ ಹೇಳಿದರು:

"ಸಾಹೇಬ್ರ, ತೊಗಲ ನಾ ಕೊಡ್ತೀನಿ, ಹೊಲಿಗಿ ನೀವು ಹಾಕ್ರಿ. ಆಮ್ಯಾಲೆ ರೇಟೂ ನೀವ ಹೇಳ್ರಿ."

ನಿವೃತ್ತನಿಗೆ ಮಧ್ಯಾಹ್ನ ಬಲು ಉದ್ದ. ಆಗಲಿ ಎಂದು ಮರುದಿನವೇ ಹೋಗಿ ಅವರ ಪಕ್ಕದಲ್ಲಿ ಗೋಣಿತಾಟಿನ ಮೇಲೆ ಕುಳಿತೆ. ಪರಿಚಯದವರು ಇಬ್ಬರು ಮೂವರು ನಿಂತು ನೋಡಿ ಹೋದರು. ಒಬ್ಬರು, "ಏನ್ರಿ, ಇಲ್ಲಿ ಕುಂತೀರಿ?" ಎಂದು ಕೇಳಿಯೂ ಬಿಟ್ಟರು. ಸಮಗಾರ ಹರಳಯ್ಯ ಶರಣರ ಕಥೆಯನ್ನು ಪುರಾಣದಲ್ಲಿ ಕೈಮುಗಿದು ಕೇಳುವ ಊರು ನಮ್ಮದು. ಆದರೂ ಆ ಕೆಲಸ ಮಾಡುವವರ ಪಕ್ಕ ಕುಳಿತರೆ ಕಾರಣ ಕೇಳುತ್ತದೆ.

ಮೊದಲ ಪಾಠ ತೊಗಲಿನದು. ನಮ್ಮ ಸೀಮೆಯ ಚಪ್ಪಲಿಯ ತೊಗಲನ್ನು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡುತ್ತಾರೆ. ಅಳಲೆಗೆ ಮರಾಠಿಯಲ್ಲಿ ಹಿರಡಾ ಅನ್ನುತ್ತಾರೆ. ಹೀಗೆ ಹದವಾದ ತೊಗಲು ಮೊದಲು ಬಿರುಸು. ಸ್ವಲ್ಪ ನೀರು ಸವರಿದರೆ ಮಡಿಕೆಗೆ ಒಗ್ಗುತ್ತದೆ, ಒಣಗಿದ ಮೇಲೆ ಆ ಮಡಿಕೆ ಉಳಿಯುತ್ತದೆ. ಅಂಚನ್ನು ತಿಕ್ಕಿದರೆ ಹೊಳಪು ಬರುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ ತೊಗಲು ಮೆತ್ತಗಿರುತ್ತದೆ, ಆದರೆ ಹೀಗೆ ಮಾತು ಕೇಳುವುದಿಲ್ಲ. ಹೊಸಬರಿಗೆ ತೊಗಟೆಯ ಹದವೇ ಒಳ್ಳೆಯದು. ಚಪ್ಪಲಿಯ ಅಡಿಗೆ ಹಾಕುವ ದಪ್ಪ ತೊಗಲು ಮಾತ್ರ ಬೇಡ. ಒಂದೂವರೆ ಮಿಲಿಮೀಟರ್ ದಪ್ಪದ್ದು ಸಾಕು.

ಎರಡನೆಯದು ಅಳತೆ. ಇಲ್ಲಿಯೇ ನಾನು ಬಿದ್ದೆ. ನನ್ನ ಪುಸ್ತಕ ಹತ್ತೂವರೆ ಸೆಂಟಿಮೀಟರ್ ಅಗಲ, ಹದಿನೈದು ಎತ್ತರ, ಒಂದು ಸೆಂಟಿಮೀಟರ್ ದಪ್ಪ. ಪುಸ್ತಕವನ್ನು ತೆರೆದು ಮಲಗಿಸಿ ಅಳೆದೆ, ಇಪ್ಪತ್ತೊಂದು ಬಂತು. ಅಂಚಿಗೆ ಒಂದು ಸೇರಿಸಿ ಇಪ್ಪತ್ತೆರಡಕ್ಕೆ ಕತ್ತರಿಸಿದೆ. ಪುಸ್ತಕ ಮುಚ್ಚಿ ನೋಡಿದರೆ ಹಾಳೆಗಳು ಹೊದಿಕೆಯ ಹೊರಗೆ ಇಣುಕುತ್ತಿದ್ದವು! ಬೆನ್ನಿನ ದಪ್ಪವನ್ನೂ ತೊಗಲು ಬಾಗಲು ಬೇಕಾದ ಜಾಗವನ್ನೂ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಯುಷ್ಯವೆಲ್ಲ ಲೆಕ್ಕ ಬರೆದವನಿಗೆ ಇಂಥ ಕೂಡಿಸುವ ತಪ್ಪು. ಸರಿಯಾದ ಅಳತೆ ಇಪ್ಪತ್ತಮೂರೂವರೆ ಅಗಲ, ಹದಿನಾರು ಎತ್ತರ. ಇದರ ಜೊತೆಗೆ ಒಳಗೆ ಪುಸ್ತಕದ ರಟ್ಟು ಸಿಕ್ಕಿಸಲು ಆರು ಸೆಂಟಿಮೀಟರ್ ಅಗಲದ ಎರಡು ಪಟ್ಟಿ, ಎತ್ತರ ಅಷ್ಟೇ. ಮೊದಲು ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಇವನ್ನು ಕತ್ತರಿಸಿ, ಪುಸ್ತಕಕ್ಕೆ ಸುತ್ತಿ, ಮುಚ್ಚಿ ತೆರೆದು ನೋಡಬೇಕು. ರಟ್ಟು ಕೆಟ್ಟರೆ ನಷ್ಟವಿಲ್ಲ.

ಅದೇ ದಿನ ಎರಡನೆಯ ತಪ್ಪೂ ಆಯಿತು. ಒದ್ದೆ ತೊಗಲಿನ ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಚಹಾಕ್ಕೆ ಹೋದೆ. ಬಂದು ನೋಡಿದರೆ ಇಟ್ಟ ಜಾಗದಲ್ಲಿ ಕಪ್ಪು ಕಲೆ. ನೀರಿನಲ್ಲಿ ತೊಳೆದರೆ ಹೋಗಲಿಲ್ಲ. ನಮ್ಮ ಗುರುಗಳು ನಕ್ಕರು. "ಅದು ಶಾಯಿ ಸಾಹೇಬ್ರ, ನಿಮ್ಮ ಖಾತೆದ್ದ," ಎಂದರು. ಮಾತು ಖರೆಯೇ. ಅಳಲೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಅವರ ಕಸುಬಿನ ತೊಗಲಿಗೂ ನನ್ನ ಕಸುಬಿನ ಮಸಿಗೂ ಒಂದೇ ಕಾಯಿ ಎಂಬುದು ನನಗೆ ಅಂದೇ ತಿಳಿದದ್ದು.

ಹೊಸ ತುಂಡು ತೆಗೆದುಕೊಂಡು ಮತ್ತೆ ಶುರು ಮಾಡಿದೆ. ಕತ್ತರಿಸುವಾಗ ಒಂದೇ ಏಟಿಗೆ ಜೋರು ಹಾಕಬಾರದು. ಮರದ ಹಲಗೆಯ ಮೇಲಿಟ್ಟು, ಪಟ್ಟಿ ಒತ್ತಿ ಹಿಡಿದು, ಹಗುರವಾಗಿ ಮೂರು ನಾಲ್ಕು ಸಲ ಎಳೆದರೆ ಅಂಚು ನೆಟ್ಟಗೆ ಬರುತ್ತದೆ. ಒಳಪಟ್ಟಿಗಳ ಅಂಚಿಗೆ ತೆಳುವಾಗಿ ಅಂಟು ಹಚ್ಚಿ ಕೂಡಿಸಿದರೆ ತೂತು ಹಾಕುವಾಗ ಸರಿದಾಡುವುದಿಲ್ಲ. ಆಮೇಲೆ ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ ಗೆರೆ, ಆ ಗೆರೆಯ ಮೇಲೆ ನಾಲ್ಕು ನಾಲ್ಕು ಮಿಲಿಮೀಟರಿಗೆ ಒಂದೊಂದು ಚುಕ್ಕೆ. ಗುರುಗಳಿಗೆ ಕಣ್ಣಳತೆಯೇ ಸಾಕು. ನಾನು ಮೊಮ್ಮಗನ ಗ್ರಾಫ್ ಕಾಗದ ಇಟ್ಟು ಚುಚ್ಚಿದೆ. ಒಂದು ಪಟ್ಟಿಗೆ ಮೂರು ಬದಿ ಸೇರಿ ಅರವತ್ತೇಳು ತೂತು, ಎರಡಕ್ಕೆ ನೂರಾ ಮೂವತ್ತನಾಲ್ಕು. ಪ್ರತಿಯೊಂದಕ್ಕೂ ಆರಿಯನ್ನು ನೆಟ್ಟಗೆ ಹಿಡಿದು ಇಳಿಸಬೇಕು. ವಾರೆಯಾದರೆ ಮುಂದೆ ಸಾಲು ಸರಿ ಕಂಡು ಹಿಂದೆ ಸೊಟ್ಟಗಾಗುತ್ತದೆ. ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಗೆರೆ ಎಳೆದು, ಮೇಲೆ ಬರೆದು, ಸಹಿ ಮಾಡಬಹುದು. ತೊಗಲಿನಲ್ಲಿ ಬಿದ್ದ ತೂತು ಬಿದ್ದದ್ದೇ.

ಹೊಲಿಗೆಗೆ ಒಂದು ದಾರ, ಎರಡು ಸೂಜಿ. ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ಬೇಕು. ಒಂದು ಪಟ್ಟಿಗೆ ನಾನು ಒಂದೂಕಾಲು ಮೀಟರ್ ತೆಗೆದುಕೊಂಡು ಜೇನುಮೇಣ ಸವರಿದೆ. ದಾರದ ಎರಡು ತುದಿಗೂ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಹಾಯಿಸಿ ಎರಡೂ ಕೈಯಿಂದ ಸಮನಾಗಿ ಎಳೆಯಬೇಕು. ಹೀಗೆ ಹೊಲಿದರೆ ಒಂದು ಕಡೆ ದಾರ ಹರಿದರೂ ಇನ್ನೊಂದು ಕಡೆಯ ದಾರ ಹಿಡಿದಿರುತ್ತದೆ. ಕೊನೆಗೆ ಮೂರು ತೂತು ಹಿಂದಕ್ಕೆ ಹೊಲಿದು ಕತ್ತರಿಸಬೇಕು.

ಮೊದಲ ಪಟ್ಟಿ ಮುಗಿಸಿ ಹೆಮ್ಮೆಯಿಂದ ಕೊಟ್ಟೆ. ಅವರು ಬಿಸಿಲಿಗೆ ಹಿಡಿದು ಮುಂದೆ ನೋಡಿದರು, ಹಿಂದೆ ನೋಡಿದರು. ಆಮೇಲೆ ಮೆಲ್ಲಗೆ, "ಸಾಹೇಬ್ರ, ಸಹಿ ಹೊಂದವಲ್ದು. ನಾಳಿಗಿ ಬರ್ರಿ," ಎಂದರು.

ನನಗೆ ಕ್ಷಣಹೊತ್ತು ತಿಳಿಯಲಿಲ್ಲ. ತಿಳಿದಾಗ ಅವರ ಮುಖ ನೋಡಲಾಗಲಿಲ್ಲ.

ಅದು 1994ರ ಮಾತು. ಅವರು ಆರುನೂರು ರೂಪಾಯಿ ತೆಗೆಯಲು ನನ್ನ ಕೌಂಟರಿಗೆ ಬಂದಿದ್ದರು. ಚೀಟಿಯ ಮೇಲಿನ ಸಹಿ ನಮ್ಮಲ್ಲಿದ್ದ ಮಾದರಿ ಸಹಿಗೆ ಹೊಂದಲಿಲ್ಲ. "ಸಹಿ ಹೊಂದವಲ್ದು, ನಾಳಿಗಿ ಬಾ," ಎಂದು ಚೀಟಿ ತಿರುಗಿ ತಳ್ಳಿದ್ದೆ. ಮರುದಿನವೂ ಅದನ್ನೇ ಹೇಳಿದೆ. ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ಆ ಹಣ ಸಂತೆಯಲ್ಲಿ ತೊಗಲು ಕೊಳ್ಳುವುದಕ್ಕಿತ್ತಂತೆ. ಆ ವಾರದ ತೊಗಲು ಬೇರೆಯವರ ಪಾಲಾಯಿತಂತೆ. ದೂರಿನ ದನಿಯಲ್ಲಿ ಹೇಳಲಿಲ್ಲ, ಮೇಣ ತಿಕ್ಕುತ್ತ ಹೇಳಿದರು.

ಸಹಿ ನೋಡಿ ಹಣ ಕೊಡುವುದು ಬ್ಯಾಂಕಿನ ನಿಯಮ. ಅದರಲ್ಲಿ ತಪ್ಪಿಲ್ಲ. ಆದರೆ ಗುರುತು ಖಾತ್ರಿ ಮಾಡಿಕೊಂಡು ಹೊಸ ಮಾದರಿ ಸಹಿ ತೆಗೆದುಕೊಳ್ಳುವ ದಾರಿಯೂ ನಿಯಮದಲ್ಲೇ ಇತ್ತು. ಅದನ್ನು ಹೇಳಲು ನನಗೆ ಎರಡು ನಿಮಿಷ ಸಾಕಿತ್ತು. ಅಲ್ಲದೆ, ನನಗಿಂತ ಹಿರಿಯರಿಗೆ ನಾನು "ಬಾ" ಎಂದಿದ್ದೆ. ಅವರು ನನಗೆ ಇಂದಿಗೂ "ಬರ್ರಿ" ಎನ್ನುತ್ತಾರೆ. ದಿನವೆಲ್ಲ ಆರಿ ಒತ್ತಿ ದಾರ ಜಗ್ಗಿದ ಬೆರಳಿಗೆ ಪೆನ್ನು ಹಿಡಿದರೆ ಸಹಿ ದಿನಕ್ಕೊಂದು ತರಹ ಬರುತ್ತದೆ. ಇದು ನನಗೆ ಗೊತ್ತಾದದ್ದು ಮೂರು ಮಧ್ಯಾಹ್ನ ಹೊಲಿದು, ರಾತ್ರಿ ಲೆಕ್ಕ ಬರೆಯಲು ಕುಳಿತು, ನನ್ನ ಅಕ್ಷರ ನನಗೇ ಗುರುತು ಸಿಗದಿದ್ದಾಗ.

ಮರುದಿನ ಹೋಗಿ ತಪ್ಪಾಯಿತು ಎಂದೆ. "ಇರ್ಲಿ ಬಿಡ್ರಿ, ಮೊದಲ ಹೊಲಿಗಿ ಬಿಚ್ರಿ," ಎಂದರು. ಬಿಚ್ಚಿ, ಅದೇ ತೂತುಗಳಲ್ಲಿ ಮತ್ತೆ ಹೊಲಿದೆ. ಅಂಚನ್ನು ಮರಳುಕಾಗದದಿಂದ ಉಜ್ಜಿ, ನೀರು ಸವರಿ, ನುಣುಪಾದ ಕಟ್ಟಿಗೆಯಿಂದ ತಿಕ್ಕಿದೆ. ಬಟ್ಟೆಯಲ್ಲಿ ಅದ್ದಿ ನಾಲ್ಕೇ ಹನಿ ಎಣ್ಣೆ. ಹೆಚ್ಚಾದರೆ ತೊಗಲು ಜೋತುಬೀಳುತ್ತದೆ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕ ಸುದ್ದಿ ಬಂತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಹೀಗೆ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಸಿಕ್ಕ ಗೌರವ ಅದು. ಗಡಿಯಲ್ಲಿರುವ ನಮಗೆ ಅದು ಸಂತೋಷದ ಸುದ್ದಿ. ಗುರುತು ಚಪ್ಪಲಿಗೆ ಸಿಕ್ಕಿತು. ಅದನ್ನು ಹೊಲಿಯುವ ಕೈಗೆ ಗುರುತು ಕೊಡುವುದು ಕೌಂಟರಿನ ಈಚೆ ಕುಳಿತ ನಮ್ಮಂಥವರ ಕೆಲಸ.

ಹೊದಿಕೆ ಮುಗಿದ ದಿನ ಅವರು ಕೇಳಿದರು, "ಈಗ ರೇಟ ಹೇಳ್ರಿ." ಕೆಟ್ಟ ತುಂಡನ್ನು ಬಿಟ್ಟು, ನನ್ನ ಏಳು ಮಧ್ಯಾಹ್ನಗಳನ್ನು ಲೆಕ್ಕ ಹಾಕಿದೆ. ಮುನ್ನೂರು ಬಹಳ ಕಡಿಮೆ ಎಂದೆ. ಅವರು ನಕ್ಕು, "ನಿಮಗ ಏಳು ದಿನ, ನನಗ ಅರ್ಧಾ ದಿನ. ಮುನ್ನೂರ ಬರೋಬ್ಬರಿ ಐತಿ," ಎಂದರು. ನನ್ನಿಂದ ಎರಡು ತುಂಡು ತೊಗಲಿನ ಬೆಲೆ ಮಾತ್ರ ತೆಗೆದುಕೊಂಡರು. ನಮ್ಮ ಅಳಿಯನಿಗೆಂದು ಇನ್ನೊಂದು ಹೊದಿಕೆ ಹೊಲಿಯಲು ಹೇಳಿ, ಮುನ್ನೂರು ರೂಪಾಯಿಯನ್ನು ಮೊದಲೇ ಕೊಟ್ಟು ಬಂದೆ. ಅಂದಿನ ಖರ್ಚಿನಲ್ಲಿ ಅದನ್ನು ಬರೆದಿದ್ದೇನೆ.

ನನ್ನ ಹೊದಿಕೆಯ ಹಿಂಬದಿಯಲ್ಲಿ ಏಳನೆಯ ಹೊಲಿಗೆ ಇನ್ನೂ ಸೊಟ್ಟಗಿದೆ. ಜೇಬಿನಿಂದ ತೆಗೆಯುವಾಗ ಹೆಬ್ಬೆರಳು ಸರಿಯಾಗಿ ಅಲ್ಲಿಗೇ ಹೋಗುತ್ತದೆ. ತಮ್ಮಲ್ಲಿ ಯಾರಿಗಾದರೂ ಇಂಥದೊಂದು ಮಾಡುವ ಮನಸ್ಸಾದರೆ ಮೊದಲು ರಟ್ಟಿನಲ್ಲಿ ಕತ್ತರಿಸಿರಿ, ಪುಸ್ತಕವನ್ನು ಮುಚ್ಚಿ ಅಳೆಯಿರಿ, ಒದ್ದೆ ತೊಗಲಿಗೆ ಕಬ್ಬಿಣ ಮುಟ್ಟಿಸಬೇಡಿರಿ. ತಮ್ಮ ಊರಿನಲ್ಲಿ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ, ಬಹುವಚನದಲ್ಲಿ ಮಾತಾಡಿಸಿ, ಪಕ್ಕದಲ್ಲಿ ಕುಳಿತು ಕಲಿಯಿರಿ.