ಕಿತ್ತಳೆಯಲ್ಲಿ ಬಿಸಾಡುವ ಭಾಗ ಕಡಿಮೆ
(ರೈತರ ಹಾಗೂ ಮಹಿಳಾ ಮಂಡಲದವರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಕಿತ್ತಳೆ ಹಣ್ಣಾದಾಗ ದಪ್ಪ ಹಣ್ಣನ್ನು ವ್ಯಾಪಾರಿ ಆರಿಸಿಕೊಂಡು ಹೋಗುತ್ತಾನೆ. ಸಣ್ಣ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಮನೆಯಲ್ಲಿ ತಿಂದ ಹಣ್ಣಿನ ಸಿಪ್ಪೆ ತಿಪ್ಪೆಗೆ ಸೇರುತ್ತದೆ. ವರ್ಷವಿಡೀ ಮರ ನೋಡಿಕೊಂಡವರು ನೀವು, ನಷ್ಟವೂ ನಿಮ್ಮದೇ. ಇದನ್ನು ತಪ್ಪಿಸುವುದು ಹೇಗೆಂದು ಇಂದು ಹೇಳುತ್ತೇನೆ.

ಮೊದಲು ಜಾತಿಗಳನ್ನು ತಿಳಿಯೋಣ. ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಇವು ಸಡಿಲ ಸಿಪ್ಪೆಯವು. ಬೆರಳಿನಿಂದಲೇ ಸುಲಿದು ತೊಳೆ ಬಿಡಿಸಬಹುದು. ಮೂಸಂಬಿ, ಆಂಧ್ರದ ಸಾತ್ಗುಡಿ ಇವುಗಳ ಸಿಪ್ಪೆ ತಿರುಳಿಗೆ ಅಂಟಿರುತ್ತದೆ. ಇವು ರಸ ಹಿಂಡಿ ಕುಡಿಯಲು ಉತ್ತಮ. ಹೇರಳೆ, ಕಂಚಿ ಇವು ಹುಳಿ ಜಾತಿಯವು. ಇವುಗಳಿಂದ ಉಪ್ಪಿನಕಾಯಿ, ಗೊಜ್ಜು, ಚಿತ್ರಾನ್ನ ಮಾಡುವುದು ನಿಮಗೆ ಗೊತ್ತೇ ಇದೆ.

ಸಣ್ಣ ಕಿತ್ತಳೆಯಿಂದ ಷರಬತ್ತು ಮಾಡಿಡಬಹುದು. ಬೂಷ್ಟು ಹಿಡಿದ ಹಣ್ಣು ಬೇಡ. ಬೀಜ ಜಜ್ಜದಂತೆ ಹಿಂಡಿ, 1 ಲೀಟರು ರಸ ಸೋಸಿಡಿ. 1 ಲೀಟರು ನೀರಿಗೆ ಒಂದೂಮುಕ್ಕಾಲು ಕಿಲೋ ಸಕ್ಕರೆ, 25 ಗ್ರಾಂ ನಿಂಬೆ ಉಪ್ಪು ಹಾಕಿ ಕಾಯಿಸಿ, ಸಕ್ಕರೆ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ. ಪಾಕ ಪೂರ್ತಿ ಆರಿದ ಮೇಲೆಯೇ ರಸ ಬೆರೆಸಿ. ಕಿತ್ತಳೆ ರಸವನ್ನು ಕುದಿಸಿದರೆ ಕಹಿಯಾಗುತ್ತದೆ. ಕೊನೆಗೆ 2 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಸ್ವಲ್ಪ ರಸದಲ್ಲಿ ಕರಗಿಸಿ ಸೇರಿಸಿ. ಇದು ರಸ ಹುಳಿಯದಂತೆ ಕಾಯುತ್ತದೆ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಮೇಲೆ ಒಂದು ಅಂಗುಲ ಬಿಟ್ಟು ತುಂಬಿ. ಕುಡಿಯುವಾಗ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ. ಉಬ್ಬಸದವರಿಗೆ ಇದನ್ನು ಕೊಡಬೇಡಿ. ಆ ಪುಡಿ ಕೆಲವರಿಗೆ ಒಗ್ಗುವುದಿಲ್ಲ.

ಈ ಅಳತೆಯನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೊದಲ ಸಲ ನಾನೇ ಆ ಪುಡಿ ಹಾಕದೆ, ಬಾಟಲಿಯನ್ನು ಕತ್ತಿನ ತನಕ ತುಂಬಿ ಬಿರಡೆ ಬಿಗಿದೆ. ಕೆಲವು ದಿನಗಳಲ್ಲಿ ರಸ ಹುಳಿತು, ಬಿರಡೆ ಹಾರಿ ಅಟ್ಟವೆಲ್ಲ ಅಂಟಾಯಿತು. ಒಳಗೆ ಹುಟ್ಟಿದ ಅನಿಲದ ಕೆಲಸವದು. ಡಿಪ್ಲೊಮಾ ಓದಿದವನಿಗೆ ಅಮ್ಮನೆದುರು ತಲೆಯೆತ್ತಲಾಗಲಿಲ್ಲ. ಬಾಟಲಿಯೇ ಒಡೆದಿದ್ದರೆ ಯಾರಿಗಾದರೂ ಗಾಜು ತಗಲುತ್ತಿತ್ತು.

ಇನ್ನು ಸಿಪ್ಪೆ. ಹಣ್ಣಿನ ತೂಕದಲ್ಲಿ ಸುಮಾರು ಕಾಲು ಪಾಲು ಅದೇ. ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಹುಣಿಸೆ ರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕುದಿಸಿದರೆ ಗೊಜ್ಜು ಸಿದ್ಧ. ಆದರೆ ಔಷಧ ಸಿಂಪಡಿಸಿದ ಮರದ ಸಿಪ್ಪೆಯನ್ನು ಅಡಿಗೆಗೆ ಬಳಸಲೇಬೇಡಿ.

ಸಿಪ್ಪೆಯನ್ನು ದೀಪದ ಹತ್ತಿರ ಹಿಚುಕಿದರೆ ಜ್ವಾಲೆ ಚಿಟಿಚಿಟಿ ಎನ್ನುವುದನ್ನು ಮಕ್ಕಳು ಬಲ್ಲರು. ಸಿಪ್ಪೆಯ ಚುಕ್ಕೆಗಳಲ್ಲಿರುವ ಎಣ್ಣೆಯೇ ಹಾಗೆ ಉರಿಯುವುದು. ಕಾರ್ಖಾನೆಗಳಲ್ಲಿ ಈ ಎಣ್ಣೆ ತೆಗೆದು ಸಾಬೂನು, ಮಿಠಾಯಿ, ಪಾನಕಗಳಿಗೆ ಸುವಾಸನೆ ಕೊಡುತ್ತಾರೆ. ಅದು ಜಿಡ್ಡನ್ನೂ ಅಂಟನ್ನೂ ಕರಗಿಸುತ್ತದೆ. ಮನೆಯಲ್ಲಿ ಪಾತ್ರೆಯ ಜಿಡ್ಡಿಗೆ ಹಸಿ ಸಿಪ್ಪೆ ಉಜ್ಜಿ ನೋಡಿ. ಕಣ್ಣಿಗೆ ಮಾತ್ರ ಸಿಡಿಯಬಾರದು. ಹುಳಿ ಕಿತ್ತಳೆಯ ಹೂವಿನಿಂದ ಬಟ್ಟಿಯಿಳಿಸುವ ನೆರೋಲಿ ಎಣ್ಣೆಯನ್ನು ಅತ್ತರಿನಲ್ಲಿ ಬಳಸುತ್ತಾರೆ.

ಈ ಸಲ ಮನೆಗೆ ಬೇಕಾದಷ್ಟು ಮಾಡಿ ಕೈ ಪಳಗಿಸಿಕೊಳ್ಳಿ. ಮಾರುವ ಮನಸ್ಸಿದ್ದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಇಂಥ ಕೆಲಸಗಳಲ್ಲಿ ತರಬೇತಿ ಕೊಡುತ್ತದೆ. ನಾಲ್ಕು ಮನೆಯವರು ಸೇರಿದರೆ ಸಾಮಾನು, ಬಾಟಲಿಗಳ ಖರ್ಚು ಹಂಚಿಹೋಗುತ್ತದೆ. ಮುಂದಿನ ಕೂಟಕ್ಕೆ ನೀವು ಮಾಡಿದ ಒಂದೊಂದು ಬಾಟಲಿ ತನ್ನಿರಿ. ರುಚಿ ನೋಡಿ ತಪ್ಪುಒಪ್ಪು ಮಾತಾಡೋಣ.